ಸ್ವಲ್ಪ ವಿಶ್ರಾಂತಿ

ಮೆಟ್ಟಿಲಿಳಿದು ಬರುತ್ತಿದ್ದ ಮೇಡಂ, ಮೆಟ್ಟಿಲು ಹತ್ತುತ್ತಿದ್ದ ಅವನನ್ನು ಕಂಡು ನಡುವೆಯೇ ನಿಂತು, ಕೀಲಿಗೊಂಚಲನ್ನು ಈ ಕೈಯಿಂದ ಆ ಕೈಗೆ ದಾಟಿಸಿ, ‘ಯು ಮೈಟ್ ಲೈಕ್ ಟು ಟೇಕ್ ಎ ಲಿಟಲ್ ರೆಸ್ಟ್’ ಎಂದರು. ದನಿ ಹತ್ತಿಯಷ್ಟು ಮೆತ್ತಗಿತ್ತು. ಅವನು ‘ಥ್ಯಾಂಕ್ಯೂ ಮೇಡಂ, ಐ ಮೈಟ್’ ಎಂದ. ಇಬ್ಬರೂ ನಕ್ಕರು. ಇಬ್ಬರು ಒಟ್ಟಿಗೆ ಹಾಯುವಷ್ಟು ಅಗಲವಿಲ್ಲದ ಮೆಟ್ಟಿಲಾದ್ದರಿಂದ ಅವನು ಗೋಡೆಗೆ ಬೆನ್ನೊತ್ತಿ ದಾರಿ ಬಿಟ್ಟ. ಅಂಗಿಗೆ ಸುಣ್ಣ ಮೆತ್ತಿಕೊಂಡಿತು. ಮೇಡಂ ಚಪ್ಪಲಿಯ ಸದ್ದು ಕೆಳಗಿನ ಕನ್ನಡಕದ ಅಂಗಡಿಯನ್ನು ದಾಟಿ ಬೀದಿಗೆ ಸೇರಿಹೋದ ಮೇಲೂ ಆ ನಗು ಅವನ ಮುಖದ ಮೇಲೆ ಹಾಗೇ ಉಳಿದಿತ್ತು, ಹೊಸ ಅಂಗಿಯಿಂದ ಕೀಳಲು ಮರೆತ ಬೆಲೆಚೀಟಿಯ ಹಾಗೆ. ನೀವು ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಲು ಇಷ್ಟಪಡಬಹುದೇನೋ. ಇಷ್ಟಪಡಬೇಕಾದವನು ತಾನು. ಪಡಬಹುದು ಎಂದವರು ಅವರು. ಸ್ವಲ್ಪ ಎಂದರೆ ಎಷ್ಟು? ಮಧ್ಯಾಹ್ನದವರೆಗೋ, ಸಾಯುವವರೆಗೋ? ಕೈತೊಳೆಯುವ ತೊಟ್ಟಿಯ ಮೇಲಿದ್ದ ಕನ್ನಡಿಯ ಮುಂದೆ ನಿಂತು ತನ್ನ ಕಣ್ಣ ಕೆಳಗೆ ಕಪ್ಪಾಗಿದೆಯೇ ಎಂದು ನೋಡಿಕೊಂಡ. ಕಪ್ಪಾಗಿತ್ತು. ಹಾಗಾದರೆ ಅದು ಕಾಳಜಿಯ ಮಾತೇ ಸರಿ ಎಂದು ಸಮಾಧಾನವಾಯಿತು. ಆದರೆ ಆ ಕಪ್ಪು ಎಷ್ಟೋ ವರ್ಷಗಳಿಂದ ಅಲ್ಲೇ ಇತ್ತು. ಮೇಡಂ ಕಣ್ಣಿಗೆ ಅದು ಇವತ್ತೇ ಯಾಕೆ ಬೀಳಬೇಕು?

ಹಾಗೆ ನೋಡಿದರೆ ಇಂಥ ಸಂದೇಹವೇ ಅವನ ಅನ್ನ. ಹೊರದೇಶದ ಕೆಲಸಕ್ಕೆ ಹೊರಟವರಿಗೆ ಇಂಗ್ಲಿಷ್ ಕಲಿಸುವ, ಮೇಡಂ ನಡೆಸುವ ಆ ಸಂಸ್ಥೆಗೆ ಎಷ್ಟೋ ಮೇಷ್ಟ್ರುಗಳು ಬಂದರು, ಹೋದರು. ಅವನು ಮಾತ್ರ ಕಿಟಕಿಯ ಸರಳಿನ ಹಾಗೆ ಇದ್ದಲ್ಲೇ ಇದ್ದ. ಕಾಲ, ವಚನ, ಕ್ರಿಯಾಪದಗಳನ್ನು ಯಾರು ಬೇಕಾದರೂ ಕಲಿಸಿಯಾರು. ಆದರೆ ಇಂಗ್ಲಿಷಿನಲ್ಲಿ ಒಂದು ಮಾತನ್ನು ಹೇಳುವುದಕ್ಕೂ ಅದನ್ನೇ ಸೂಚಿಸುವುದಕ್ಕೂ ಇರುವ ಕೂದಲೆಳೆಯ ಅಂತರವಿದೆಯಲ್ಲ, ಅದು ಅವನ ಸ್ವಂತ ಜಮೀನು. ಕಡ್ಡಿ ಮುರಿದ ಹಾಗೆ ಮಾತಾಡುವವನು ಆ ಭಾಷೆಯಲ್ಲಿ ಒರಟ ಅನ್ನಿಸಿಕೊಳ್ಳುತ್ತಾನೆ, ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಕಲಿಯಿರಿ, ಬೆಳಕು ಎರಡೂ ಕಡೆಗೆ ಬೀಳಬೇಕು ಎಂದು ಪ್ರತಿ ತಂಡಕ್ಕೂ ಹೇಳುತ್ತಿದ್ದ. ವಿದ್ಯಾರ್ಥಿಗಳು ಬೆನ್ನ ಹಿಂದೆ ತನ್ನನ್ನು ಮೈಟ್ ಮೇಷ್ಟ್ರು ಎನ್ನುವುದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದವನಂತೆ ಇರುವುದರಲ್ಲಿ ಒಂದು ಸುಖವೂ ಇತ್ತು. ಆ ಸುಖದ ಬುಡ ಎಲ್ಲಿದೆ ಎಂಬುದೂ ಗೊತ್ತಿತ್ತು. ಅವನ ಅಪ್ಪ ಹೇಳುವ ಮನುಷ್ಯ. ಊಟಕ್ಕೆ ಕೂತಾಗ, ತುತ್ತು ಬಾಯಿಗಿಡುವ ಮೊದಲು, ‘ಇವನು ಉದ್ಧಾರ ಆಗಲ್ಲ’ ಎಂದು ಹೇಳಿ ಆಮೇಲೆ ಮಜ್ಜಿಗೆ ಬಡಿಸಿ ಎನ್ನುತ್ತಿದ್ದ. ಆ ವಾಕ್ಯಕ್ಕೆ ಕಿಟಕಿ ಬಾಗಿಲು ಏನೂ ಇರಲಿಲ್ಲ. ಶಾಲೆಯಲ್ಲಿ ಮೊದಲ ಸಲ ‘ಪರ್‌ಹ್ಯಾಪ್ಸ್’ ಎಂಬ ಪದವನ್ನು ಕಲಿತಾಗ ಹುಡುಗನಿಗೆ, ಈ ಭಾಷೆಯಲ್ಲಿ ಅವಿತುಕೊಳ್ಳಲು ಒಂದು ಕೋಣೆ ಇದೆ ಅನ್ನಿಸಿತ್ತು.

ಅವತ್ತಿನ ಪಾಠವೂ ಅದೇ ಆಗಬೇಕೆ. ಹಲಗೆಯ ಮೇಲೆ ‘ಯು ಮೈಟ್ ಲೈಕ್ ಟು ಓಪನ್ ದ ವಿಂಡೋ’ ಎಂದು ಬರೆದು ತಿರುಗಿದಾಗ ತನ್ನ ಕೈಬರಹವೇ ತನ್ನನ್ನು ಅಣಕಿಸಿದಂತಾಯಿತು. ಕೆಳಗಿನ ಕನ್ನಡಕದ ಅಂಗಡಿಯಲ್ಲಿ ಯಾರೋ ಕಣ್ಣು ಪರೀಕ್ಷೆಗೆ ಕೂತು ಅಕ್ಷರಗಳನ್ನು ಒಂದೊಂದಾಗಿ ಓದುತ್ತಿದ್ದರು. ಇ, ಎಫ್, ಪಿ, ಆಮೇಲೆ ದೀರ್ಘ ಮೌನ. ಮುಂದಿನ ಸಾಲಿನಲ್ಲಿ ಕೂತಿದ್ದ ನರ್ಸಮ್ಮ ಕೈ ಎತ್ತಿದಳು. ಅವಳು ಪಾಳಿ ಮುಗಿಸಿ ನೇರ ಪಾಠಕ್ಕೆ ಬರುವವಳು, ಕಣ್ಣಲ್ಲಿ ಸದಾ ನಿದ್ದೆ, ಆದರೆ ಬುದ್ಧಿ ಬ್ಲೇಡಿನಂಥದು.

‘ಸರ್, ಹಾಗಾದ್ರೆ ಕಿಟಕಿ ತೆಗೀಬೇಕೋ, ಬೇಡ್ವೋ?’

ಯಾರು ಹೇಳಿದರು ಅನ್ನುವುದರ ಮೇಲೆ ಇದೆಯಮ್ಮ ಎಂದ. ಡಾಕ್ಟರ್ ಹೇಳಿದರೆ ಎಂದು ಕೇಳಿದಳು. ತೆಗೆಯಬೇಕು. ರೋಗಿ ಹೇಳಿದರೆ? ಆಗಲೂ ತೆಗೆಯಬೇಕು. ರೋಗಿಯ ಕಡೆಯವರು? ಅವನು ಸ್ವಲ್ಪ ಯೋಚಿಸಿ, ಅವರು ಹೇಳಿದರೂ ತೆಗೆದರೇ ಒಳ್ಳೆಯದು ಎಂದ. ನರ್ಸಮ್ಮ ಅದನ್ನೆಲ್ಲ ಬರೆದುಕೊಂಡು, ಮತ್ತೆ ಒಂದು ಸಲ ಓದಿಕೊಂಡು, ತುಂಬ ವಿನಯದಿಂದ, ‘ಹಾಗಾದ್ರೆ ಯಾವಾಗ ತೆಗೀಬೇಕಾಗಿಲ್ಲ ಸರ್?’ ಎಂದಳು. ಇಷ್ಟು ವರ್ಷದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಎಲ್ಲರೂ ಅವನ ಮಾತಿನ ಮೋಡಿಗೆ ತಲೆದೂಗಿ ಎದ್ದುಹೋಗಿದ್ದರು. ಅವನಿಗೆ ಥಟ್ಟನೆ ಹೊಳೆದದ್ದು ಇಷ್ಟು: ಕೆಲಸ ಕೊಟ್ಟವರು ‘ಬಹುದು’ ಎಂದರೆ ಅದು ‘ಬೇಕು’. ಕೆಲಸ ಮಾಡುವವನು ‘ಬೇಕು’ ಎಂದರೂ ಅದು ‘ಬಹುದು’. ಅದನ್ನು ಗಟ್ಟಿಯಾಗಿ ಹೇಳಿದ್ದರೆ ಅದೇ ಅವನ ಜೀವಮಾನದ ಅತ್ಯುತ್ತಮ ಪಾಠವಾಗುತ್ತಿತ್ತೇನೋ. ಅವನು ಹೋಗಿ ತಾನೇ ಕಿಟಕಿ ತೆಗೆದ. ಬೀದಿಯ ಧೂಳೆಲ್ಲ ಒಳಗೆ ಬಂತು.

ಪಾಠ ಮುಗಿಸಿ ಮೇಷ್ಟ್ರುಗಳ ಕೋಣೆಗೆ ಹೋದರೆ ಅವನ ಕುರ್ಚಿಯಲ್ಲಿ ಒಬ್ಬ ಕೂತಿದ್ದ. ಅಚ್ಚುಕಟ್ಟಾದ ಅಂಗಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಮಡಿಲಲ್ಲಿ ಹೊಸ ಬ್ಯಾಗು. ಇವನನ್ನು ಕಂಡದ್ದೇ ಎದ್ದು ನಿಂತು, ಕುರ್ಚಿಯತ್ತ ಕೈ ತೋರಿಸಿ, ‘ಪ್ಲೀಸ್, ಡು ಸಿಟ್’ ಎಂದ. ಆ ‘ಡು’ ಅವನ ಎದೆಗೆ ಬಡಿಯಿತು. ಸ್ವಂತ ಕುರ್ಚಿಯಲ್ಲಿ ಕೂರಲು ಯಾರಾದರೂ ‘ಡು’ ಸೇರಿಸಿ ಒತ್ತಾಯ ಮಾಡುತ್ತಾರೆಯೇ? ನೆಂಟರಿಗೆ ತಾನೇ ಹಾಗೆ ಹೇಳುವುದು? ಕೂತರೆ ಆ ಉಪಚಾರವನ್ನು ಒಪ್ಪಿಕೊಂಡಂತೆ. ಅಂದರೆ ತಾನು ನೆಂಟನೆಂದು ಒಪ್ಪಿಕೊಂಡಂತೆ. ಕೂರದಿದ್ದರೆ ಕುರ್ಚಿಯನ್ನು ಬಿಟ್ಟುಕೊಟ್ಟಂತೆ. ‘ನೋ ನೋ, ಯು ಸಿಟ್’ ಎಂದು, ಬಂದುಹೋಗುವವರಿಗೆಂದು ಗೋಡೆಗೆ ತಾಗಿಸಿ ಇಟ್ಟಿದ್ದ ಬೆಂಚಿನ ತುದಿಯಲ್ಲಿ ಕೂತ. ಹೊಸಬನೂ ಮುಜುಗರದಿಂದ ಕುರ್ಚಿ ಬಿಟ್ಟು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಎದುರಿಗೆ ಖಾಲಿ ಕುರ್ಚಿ ಫ್ಯಾನಿನ ಗಾಳಿ ತಿನ್ನುತ್ತ ಇಬ್ಬರ ಯಜಮಾನನಂತೆ ಕಾಣಿಸಿತು.

ಮನೆಯಲ್ಲಿ ಹೆಂಡತಿಗೆ ಇದನ್ನು ಹೇಳುವುದು ಹೇಗೆ? ಅವಳು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವವಳು. ಬೆಳಗಿನಿಂದ ಸಂಜೆಯವರೆಗೆ ಗಾಜಿನ ತೂತಿನೊಳಗಿಂದ ಇದೆ, ಇಲ್ಲ, ಹೋಯ್ತು, ಬರಲ್ಲ ಎಂದು ಹೇಳಿ ಹೇಳಿ, ಮನೆಗೆ ಬಂದ ಮೇಲೂ ಮಾತಿಗೆ ತೊಗಟೆ ಇಲ್ಲದ ಹೆಂಗಸು. ಅವಳೆದುರು ಅವನ ವಾಕ್ಯಗಳು ಚಿಕ್ಕಂದಿನಿಂದಲೂ ಬೆಳೆಯದೆ ಉಳಿದ ಮಕ್ಕಳ ಹಾಗೆ ಕೈಕಾಲು ಸಣ್ಣದಾಗಿ ನಿಲ್ಲುತ್ತಿದ್ದವು. ಅವನು ತಟ್ಟೆಯ ಮುಂದೆ ಕೂತು, ನಮ್ಮಲ್ಲಿ ಒಬ್ಬ ವಿದ್ಯಾರ್ಥಿ ಇದ್ದಾನೆ ಎಂದು ಶುರುಮಾಡಿದ. ಅವನ ಆಫೀಸಿನಲ್ಲಿ ಅವನಿಗೆ ಹೀಗೆ ಹೀಗೆ ಅಂದಿದ್ದಾರಂತೆ, ಪಾಪ, ಅದು ಸಲಹೆಯೋ ಹುಕುಮೋ ಅವನಿಗೆ ತಿಳಿಯುತ್ತಿಲ್ಲವಂತೆ. ಅವಳು ನೀರಿನ ಲೋಟ ಇಡುತ್ತ, ‘ಹೋಗಿ ಕೇಳಬೇಕಪ್ಪ. ಬಾಯಿಲ್ವಾ ಅವನಿಗೆ?’ ಎಂದಳು. ಬಾಯಿ ಇದೆ, ಆದರೆ ಕೇಳಿದರೆ ತನಗೆ ಅರ್ಥವಾಗಲಿಲ್ಲ ಅಂತ ಒಪ್ಪಿಕೊಂಡ ಹಾಗಲ್ಲವೇ, ಅವನಿಗೆ ಅದೇ ನಾಚಿಕೆ ಎಂದು ಅವನು ವಿದ್ಯಾರ್ಥಿಯ ಪರವಾಗಿ ವಾದಿಸಿದ. ‘ನಾಚಿಕೆ ಇದ್ದೋನು ಇಂಗ್ಲಿಷ್ ಮೇಷ್ಟ್ರ ಹತ್ರ ಬಂದು ಯಾಕೆ ಕೇಳ್ದ? ಇರಲಿ, ಹೆಂಡತಿ ಮಕ್ಕಳು ಇದ್ದಾರಾ ಅವನಿಗೆ?’ ಹೆಂಡತಿ ಇದ್ದಾಳೆ ಎಂದ. ಅವಳು ಪಾಪ ಎಂದಳು. ಯಾರಿಗೆ ಪಾಪ ಎಂದಳೋ ಬಿಡಿಸಿ ಹೇಳಲಿಲ್ಲ. ಅವನು ತಲೆ ತಗ್ಗಿಸಿ ಅನ್ನ ಕಲೆಸಿದ. ಕಲೆಸಿದ ಅನ್ನವನ್ನೇ ಮತ್ತೆ ಮತ್ತೆ ಕಲೆಸುತ್ತಿದ್ದುದನ್ನು ಅವಳು ನೋಡುತ್ತಿದ್ದಳು ಎಂಬುದು ಅವನಿಗೆ ಕಾಣಲಿಲ್ಲ.

ಆಮೇಲಿನ ದಿನಗಳು ವಿಚಿತ್ರವಾಗಿ ಸಾಗಿದವು. ವಿಶ್ರಾಂತಿ ತೆಗೆದುಕೊಳ್ಳಲು ತಾನು ಇಷ್ಟಪಡಲಿಲ್ಲ ಎಂದುಕೊಂಡು ಅವನು ದಿನವೂ ಕೆಲಸಕ್ಕೆ ಹೋದ. ವ್ಯಾಕರಣದ ಪ್ರಕಾರ ಅದಕ್ಕೆ ಅವನಿಗೆ ಪೂರ್ತಿ ಹಕ್ಕಿತ್ತು. ಹೊಸಬನೂ ದಿನವೂ ಬಂದ. ತರಗತಿಯ ಬಾಗಿಲಲ್ಲಿ ‘ಆಫ್ಟರ್ ಯು’ ಎಂದು ಇವನು, ‘ನೋ, ಆಫ್ಟರ್ ಯು’ ಎಂದು ಅವನು ನಿಂತುಬಿಟ್ಟರೆ ಒಳಗೆ ವಿದ್ಯಾರ್ಥಿಗಳು ಬರೆಯುವ ಪುಸ್ತಕ ತೆರೆದುಕೊಂಡು ಕಾಯುತ್ತಿದ್ದರು. ಕೊನೆಗೆ ಇಬ್ಬರೂ ಒಟ್ಟಿಗೆ ಭುಜ ಓರೆಮಾಡಿ ನುಗ್ಗುವುದು ರೂಢಿಯಾಯಿತು. ಹಲಗೆಯ ಎಡಗಡೆ ಇವನು ‘ಐ ವಂಡರ್ ಇಫ್ ಐ ಕುಡ್’ ಎಂದು ಬರೆದರೆ ಬಲಗಡೆ ಹೊಸಬ ‘ಐ ವಾಂಟ್. ಐ ಕ್ಯಾನ್. ಐ ವಿಲ್’ ಎಂದು ಮೊಳೆ ಹೊಡೆದ ಹಾಗೆ ಬರೆಯುತ್ತಿದ್ದ. ವಿದ್ಯಾರ್ಥಿಗಳ ತಲೆಗಳು ಚೆಂಡಾಟ ನೋಡುವವರ ತಲೆಗಳಂತೆ ಅತ್ತಿಂದಿತ್ತ ತಿರುಗುತ್ತಿದ್ದವು. ಒಂದು ದಿನ ಮೇಡಂ ಬಾಗಿಲಲ್ಲಿ ಇಣುಕಿ, ‘ಹೌ ಲವ್ಲಿ ಟು ಸೀ ಯು ಸ್ಟಿಲ್’ ಎಂದು ಹೋದರು. ಎಡಗಡೆಯವನಿಗೋ ಬಲಗಡೆಯವನಿಗೋ? ‘ಸ್ಟಿಲ್’ ಎಂದರೆ ಇನ್ನೂ. ನಿಮ್ಮನ್ನು ಇನ್ನೂ ನೋಡುತ್ತಿರುವುದು ಎಷ್ಟು ಚೆಂದ. ಸ್ಟಿಲ್ ಎಂದರೆ ಅಲುಗದೆ ಎಂದೂ ಆಗುತ್ತದೆ. ಅಂದು ಮಧ್ಯಾಹ್ನವೆಲ್ಲ ಅವನು ಬೆಂಚಿನ ಮೇಲೆ ಅಲುಗದೆ ಕೂತಿದ್ದ. ಇನ್ನೊಂದು ದಿನ ಹೊಸಬ ಬಂದು, ಬೀರುವಿನ ಕೀಲಿ ತನ್ನ ಬಳಿ ಇದ್ದರೆ ಇವನಿಗೆ ಅನುಕೂಲವಾಗಬಹುದೇ ಎಂದು ಮೇಡಂ ಯೋಚಿಸುತ್ತಿದ್ದಾರೆ ಅನ್ನಿಸುತ್ತದೆ ಎಂದ. ಆ ವಾಕ್ಯದ ಕಟ್ಟಡವನ್ನು ಕಂಡು ಅವನಿಗೆ ಒಳಗೊಳಗೇ ಮೆಚ್ಚುಗೆಯಾಯಿತು. ಎಷ್ಟು ಬಾಗಿಲು, ಎಷ್ಟು ಪಡಸಾಲೆ! ಕೀಲಿ ಕೊಟ್ಟುಬಿಟ್ಟ. ಕೊಟ್ಟ ಮೇಲೆ ಬೆರಳುಗಳು ಬಹಳ ಹೊತ್ತು ಜೇಬಿನಲ್ಲಿ ಕೀಲಿ ಹುಡುಕುತ್ತಲೇ ಇದ್ದವು.

ಹಳೆಯ ನಿಘಂಟನ್ನಾದರೂ ಕೇಳೋಣವೆಂದು ತೆರೆದ. ‘ಸಜೆಸ್ಟ್’ ಎಂಬುದರ ಮುಂದೆ ಸೂಚಿಸು ಎಂದಿತ್ತು. ‘ಇನ್‌ಸ್ಟ್ರಕ್ಟ್’ ಎಂಬುದರ ಮುಂದೆಯೂ ಸೂಚಿಸು ಎಂದೇ ಇತ್ತು. ಮೆಟ್ಟಿಲ ಬಳಿಯ ಸೂಚನಾ ಫಲಕದ ಮೇಲೆ ‘ಸೂಚನೆ: ಉಗುಳಬಾರದು’ ಎಂದು ಬರೆದದ್ದನ್ನು ಅವನು ದಿನವೂ ಓದಿದ್ದ. ಉಗುಳದಿದ್ದರೆ ಚೆನ್ನಾಗಿರುತ್ತದೆ ಎಂದು ಅದರ ಅರ್ಥವಲ್ಲ. ಇಂಗ್ಲಿಷರು ಕೂದಲು ಸೀಳಿ ಎರಡು ಪದ ಮಾಡಿಕೊಂಡರೆ ತನ್ನ ಹಿರಿಯರು ಎರಡಕ್ಕೂ ಒಂದೇ ಪದವನ್ನು ಸಾಕು ಮಾಡಿಕೊಂಡಿದ್ದರು. ಅವರಿಗೆ ಗೊತ್ತಿತ್ತು, ದೊಡ್ಡವರ ಬಾಯಿಂದ ಬಂದರೆ ಎರಡೂ ಒಂದೇ ಎಂದು. ತಾಯಿನುಡಿಯೂ ಕೈಬಿಟ್ಟಂತಾಗಿ ಅವನು ನಿಘಂಟು ಮುಚ್ಚಿದ. ಆಗ ಬೆಂಚಿನ ಇನ್ನೊಂದು ತುದಿಯಿಂದ ಹೊಸಬ ಕೆಮ್ಮಿ, ಮೊದಲ ಸಲ ಇಂಗ್ಲಿಷ್ ಬಿಟ್ಟು ಮಾತಾಡಿದ.

‘ಸರ್, ತಪ್ಪು ತಿಳ್ಕೋಬೇಡಿ. ನನಗೆ ಇಲ್ಲಿ ಕೆಲಸ ಸಿಕ್ಕಿದೆಯಾ ಅಂತ ನಿಮಗೇನಾದ್ರೂ ಗೊತ್ತಾ?’

ಮೇಡಂ ಅವನಿಗೂ ಒಂದು ದಿನ, ಬಂದು ಹೋಗುತ್ತಿದ್ದರೆ ಚೆನ್ನಾಗಿರಬಹುದು ಎಂದಿದ್ದರಂತೆ. ಅವನು ಬಂದ, ಹೋಗುವುದು ಯಾವಾಗ ಎಂದು ಯಾರೂ ಹೇಳಲಿಲ್ಲ. ಮನೆಯಲ್ಲಿ ಕೆಲಸ ಸಿಕ್ಕಿತು ಎಂದು ಹೇಳಿಬಿಟ್ಟಿದ್ದಾನೆ, ಅತ್ತೆ ಮಾವ ಬಂದು ಹಾರೈಸಿ ಹೋಗಿದ್ದಾರೆ, ಹೆಂಡತಿ ತುಂಬು ಬಸುರಿ. ಹಲಗೆಯ ಮೇಲೆ ‘ಐ ವಿಲ್’ ಎಂದು ಮೊಳೆ ಹೊಡೆಯುವವನು ಮಡಿಲಲ್ಲಿದ್ದ ಬ್ಯಾಗಿನ ಪಟ್ಟಿಯನ್ನು ಬಿಚ್ಚಿ ಹಾಕಿ ಮಾಡುತ್ತಿದ್ದ. ಇವನಿಗೆ ಅವನ ಭುಜ ಹಿಡಿದು, ಸಿಕ್ಕಿದೆಯಪ್ಪ, ನನ್ನ ಕೆಲಸವೇ ನಿನಗೆ ಸಿಕ್ಕಿದೆ ಎನ್ನಬೇಕೆನ್ನಿಸಿತು. ಬಾಯಿಂದ ಬಂದದ್ದು ಮಾತ್ರ, ‘ಸಿಕ್ಕಿರಬಹುದು.’ ಹೊಸಬ ಆ ‘ಬಹುದು’ವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡವನಂತೆ ಥ್ಯಾಂಕ್ಯೂ ಸರ್ ಎಂದ. ಒಬ್ಬನಿಗೆ ಕೆಲಸ ಹೋಗಿದೆಯೋ ಇಲ್ಲವೋ ತಿಳಿಯದು, ಇನ್ನೊಬ್ಬನಿಗೆ ಬಂದಿದೆಯೋ ಇಲ್ಲವೋ ತಿಳಿಯದು. ಆ ದಿನದಿಂದ ಇಬ್ಬರೂ ಬುತ್ತಿ ಹಂಚಿಕೊಂಡು ತಿನ್ನತೊಡಗಿದರು.

ಇದು ಹೀಗೇ ಸಾಯುವವರೆಗೂ ನಡೆದೀತು ಎಂದು ಅವನಿಗೆ ಅನ್ನಿಸತೊಡಗಿದ್ದಾಗ ಕ್ರೇನಿನವನು ಮರಳಿ ಬಂದ. ಅವನು ಹಿಂದಿನ ತಂಡದ ವಿದ್ಯಾರ್ಥಿ, ಬಂದರಿನಲ್ಲಿ ಕ್ರೇನು ನಡೆಸುವವನು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಮೈಟ್ ಮೇಷ್ಟ್ರ ಪಾಠವನ್ನು ಅವನಷ್ಟು ಭಕ್ತಿಯಿಂದ ಕಲಿತವರು ಇನ್ನೊಬ್ಬರಿಲ್ಲ. ಹೊರದೇಶದ ಕಂಪನಿಯವರು ಸಂದರ್ಶನಕ್ಕೆ ಕರೆದಿದ್ದರಲ್ಲ, ಏನಾಯಿತು ಎಂದು ಕೇಳಿದರೆ, ಕ್ರೇನಿನವನು ಕೈಕಟ್ಟಿ ನಿಂತು, ತಾನು ಯೋಗ್ಯನಲ್ಲವೇನೋ ಎಂಬ ಅಭಿಪ್ರಾಯ ಅವರಿಗೆ ಬಂದಂತೆ ತನಗೆ ತೋರಿತು ಎಂದು ಇಂಗ್ಲಿಷಿನಲ್ಲಿ ಹೇಳಿದ. ಒಂದೂ ತಪ್ಪಿಲ್ಲ. ಮೇಷ್ಟ್ರಿಗೆ ಮೊದಲು ಆದದ್ದು ಹೆಮ್ಮೆ. ಆ ಹೆಮ್ಮೆಯ ಬಗ್ಗೆ ಅವನಿಗೆ ಆಮೇಲೆ ಬಹಳ ದಿನ ಅಸಹ್ಯವಿತ್ತು. ವಿಚಾರಿಸಿದರೆ ನಡೆದದ್ದು ಇಷ್ಟು. ಇಪ್ಪತ್ತು ಟನ್ ಎತ್ತಬಲ್ಲೆಯಾ ಎಂದು ಕೇಳಿದರಂತೆ. ‘ಐ ಮೈಟ್ ಬಿ ಏಬಲ್ ಟು’ ಎಂದನಂತೆ. ಎತ್ತಿದ್ದನ್ನು ಕೆಳಗೆ ಬೀಳಿಸದೆ ಇಳಿಸಬಲ್ಲೆಯಾ ಎಂದರಂತೆ. ‘ಐ ವುಡ್ ಲೈಕ್ ಟು ಥಿಂಕ್ ಸೋ’ ಎಂದನಂತೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ‘ನಿಮ್ಮದೇನೂ ತಪ್ಪಿಲ್ಲ ಸರ್, ನಾನೇ ಇನ್ನೂ ಮೆತ್ತಗೆ ಹೇಳಬೇಕಿತ್ತೇನೋ,’ ಎಂದು ಕ್ರೇನಿನವನು ಮತ್ತೆ ತರಗತಿಯ ತನ್ನ ಹಳೆಯ ಬೆಂಚಿನಲ್ಲಿ ಮಂಡಿ ಮಡಚಿ ಕೂತು ಪುಸ್ತಕ ತೆರೆದ.

ಕ್ರೇನಿನವನಲ್ಲಿ ಕೋಪ ಎಂಬುದೇ ಇರಲಿಲ್ಲ. ಇದೇ ಮುಖವನ್ನು ತಾನು ಎಲ್ಲೋ ಕಂಡಿದ್ದೇನೆ ಎಂದು ಮೇಷ್ಟ್ರಿಗೆ ಅನ್ನಿಸಿತು, ತನ್ನ ಮಾತನ್ನು ನಂಬಿ ಮೋಸಹೋಗಿ, ಮೋಸಹೋದದ್ದು ತನ್ನದೇ ತಪ್ಪು ಎಂಬಂತೆ ಕೂತ ಮುಖ. ಎಷ್ಟೋ ವರ್ಷದ ಹಿಂದೆ ಆಸ್ಪತ್ರೆಯ ಓಣಿಯಂಥ ಜಾಗದಲ್ಲಿ ಅಮ್ಮ ಬೆಂಚಿನ ಮೇಲೆ ಫ್ಲಾಸ್ಕು ಹಿಡಿದು ಕೂತಿದ್ದಳು, ಒಳಗೆ ಅಪ್ಪ ಮಲಗಿದ್ದ. ಡಾಕ್ಟರು ಹೊರಗೆ ಬಂದು, ಇಂಗ್ಲಿಷ್ ಬಲ್ಲ ಮಗನೊಬ್ಬ ಇದ್ದಾನೆಂಬ ನಿರಾಳದಲ್ಲಿ, ‘ಯು ಮೇ ವಾಂಟ್ ಟು ಪ್ರಿಪೇರ್ ಯುವರ್‌ಸೆಲ್ವ್ಸ್’ ಎಂದು ಅವನ ಭುಜ ತಟ್ಟಿ ಹೋದರು. ಏನಂದರೋ ಎಂದು ಅಮ್ಮ ಕೇಳಿದಳು. ‘ತಯಾರಿ ಮಾಡ್ಕೊಳ್ಳಿ ಅಂದ್ರಮ್ಮ’ ಎಂದ. ಅಮ್ಮನ ಮುಖ ಅರಳಿತು. ಮನೆಗೆ ಹೋಗಿ ತಯಾರಿ ಶುರುಮಾಡಿದಳು. ಅಪ್ಪನ ಕೋಣೆ ತೊಳೆಸಿದಳು, ಹಾಸಿಗೆ ಬಿಸಿಲಿಗೆ ಹಾಕಿಸಿದಳು, ದಿಂಬಿಗೆ ಹೊಸ ಹೊದಿಕೆ ಹೊಲಿದಳು. ಮನುಷ್ಯ ಸೊರಗಿರುತ್ತಾರೆ, ಜಾರಿ ಬೀಳಬಾರದು ಎಂದು ಬಚ್ಚಲುಮನೆಯ ಗೋಡೆಗೆ ಕಬ್ಬಿಣದ ಹಿಡಿಕೆ ಹಾಕಿಸಿದಳು. ಗಾರೆಯವನು ಗೋಡೆ ತೂತು ಮಾಡುವಾಗ ಹಿಡಿಕೆಯನ್ನು ಮಟ್ಟವಾಗಿ ಹಿಡಿದು ನಿಂತಿದ್ದವನು ಅವನೇ. ಸ್ವಲ್ಪ ಮೇಲಕ್ಕೆ, ಅಪ್ಪ ಎತ್ತರ ಇದ್ದಾರೆ, ಎಂದು ಹೇಳಿದವನೂ ಅವನೇ. ಆ ಹಿಡಿಕೆಯನ್ನು ಅಪ್ಪ ಹಿಡಿಯಲಿಲ್ಲ. ಸುದ್ದಿ ಬಂದಾಗ ಅಮ್ಮ ಅಳುವುದಕ್ಕೆ ಮೊದಲು ಮಗನನ್ನು ಒಂದು ಸಲ ನೋಡಿದಳು, ನನಗೇ ಸರಿಯಾಗಿ ಕೇಳಿಸಿರಲಿಲ್ಲವೇನೋ ಎಂಬಂತೆ. ಮತ್ತೆಂದೂ ಆ ವಿಷಯ ಎತ್ತಲಿಲ್ಲ. ಡಾಕ್ಟರು ಹೇಳಿದ್ದು ತನಗೆ ಅರ್ಥವಾಗಿರಲಿಲ್ಲವೋ, ಅರ್ಥವಾಗಿಯೂ ಹೇಳಲಿಲ್ಲವೋ ಎಂಬುದನ್ನು ಅವನು ಇವತ್ತಿಗೂ ಬಗೆಹರಿಸಿಕೊಂಡಿಲ್ಲ. ಹಲಗೆಯ ಮುಂದೆ ನಿಂತ ಅವನ ಅಂಗೈಯಲ್ಲಿ ತಣ್ಣನೆಯ ಕಬ್ಬಿಣ ಹಿಡಿದಂತಾಗಿ, ಸೀಮೆಸುಣ್ಣ ಎರಡು ತುಂಡಾಯಿತು. ‘ವಿ ಶುಡ್ ಪರ್‌ಹ್ಯಾಪ್ಸ್ ಕಂಟಿನ್ಯೂ?’ ಎಂದು ಹೊಸಬ ಕೇಳಿದ. ನೀವು ಮುಂದುವರಿಸಿ ಎಂದು ಅವನು ಹೊರಗೆ ಬಂದ. ಅದು ಅವನ ಬಾಯಿಂದ ಬಂದ ಮೊದಲ ನೆಟ್ಟನೆಯ ಮಾತಿರಬೇಕು, ತನಗೇ ಗಾಬರಿಯಾಯಿತು.

ಮೇಡಂ ಕೋಣೆಯ ಬಾಗಿಲು ತಟ್ಟುವ ಮುನ್ನ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡ. ಕರ್ತೃ, ಕ್ರಿಯಾಪದ, ಪ್ರಶ್ನಾರ್ಥಕ. ‘ಆಮ್ ಐ ಡಿಸ್ಮಿಸ್ಡ್?’ ಅಷ್ಟೇ. ಒಳಗೆ ಹೋದರೆ ಮೇಡಂ ಅವನನ್ನು ಕಂಡು ಕುರ್ಚಿಯ ಹಿಂದೆ ಸರಿದು ನಿಂತರು, ಹೊಡೆಯಲು ಬಂದವನನ್ನು ಕಂಡ ಹಾಗೆ. ಗೋಡೆಯ ಪಕ್ಕದಲ್ಲಿ ಒಂದೇ ಥರದ ಮೂರು ನೆಲ ಗುಡಿಸುವ ಯಂತ್ರಗಳು ಪೆಟ್ಟಿಗೆ ಒಡೆಯದೆ ಸಾಲಾಗಿ ಇದ್ದವು. ಅವನು ಬಾಯಿ ತೆರೆದ. ‘ಐ ವಾಸ್ ವಂಡರಿಂಗ್, ಮೇಡಂ, ವೆದರ್ ಐ ಮೈಟ್ ಪಾಸಿಬ್ಲಿ ಹ್ಯಾವ್ ಬೀನ್’ ಎಂದು ಬಂದು ಅಲ್ಲಿಗೇ ನಿಂತಿತು. ಮೇಡಂ ಕಾತರದಿಂದ, ಹ್ಯಾವ್ ಬೀನ್? ಎಂದು ಕಾದರು. ಆ ಖಾಲಿ ಜಾಗವನ್ನು ತುಂಬುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಆಮೇಲೆ ಮೇಡಂ ಧಪ್ಪನೆ ಕೂತು, ಅವನು ಅವರ ಬಾಯಲ್ಲಿ ಎಂದೂ ಕೇಳಿರದ ಮನೆಮಾತಿನಲ್ಲಿ ಮಾತಾಡಿದರು.

‘ನನಗೆ ಹೇಳೋಕೆ ಬರಲ್ಲ ಮೇಷ್ಟ್ರೇ. ಆ ಯಂತ್ರ ಮಾರೋನು ಬಂದಾಗಲೆಲ್ಲ ಬೇಡ ಅನ್ನೋಕೆ ಆಗದೆ ಒಂದೊಂದು ತಗೊಂಡೆ. ನೀವಾದ್ರೂ ಅರ್ಥ ಮಾಡ್ಕೋತೀರ ಅಂದ್ಕೊಂಡೆ. ನೀವೇ ಮಾಡ್ಕೊಳ್ಳಲಿಲ್ಲ ಅಂದ್ರೆ ಇನ್ಯಾರು ಮಾಡ್ಕೋತಾರೆ?’

ಆ ಮಾತಿನಲ್ಲಿ ನಿಜವಾದ ನೋವಿತ್ತು. ಇಷ್ಟು ದಿನ ತಾನು ಅನುಭವಿಸಿದ್ದು ಅವಮಾನವೆಂದು ಅವನು ತಿಳಿದಿದ್ದ. ಈಗ ನೋಡಿದರೆ ಅಷ್ಟೂ ದಿನ ತಾನೇ ಆಕೆಗೆ ಹಿಂಸೆ ಕೊಟ್ಟಂತೆ ಕಾಣಿಸಿತು. ಇಂಗ್ಲಿಷಿನಲ್ಲಿ ಹೇಳಿಬಿಡಿ ಮೇಡಂ, ಅದು ಸುಲಭ ಎಂದ. ಇಂಗ್ಲಿಷಿನಲ್ಲೇ ಬರುವುದಿಲ್ಲ ಎಂದರು. ಮೇಷ್ಟ್ರತನ ಎಂಬುದು ವಿಚಿತ್ರ ರೋಗ. ಬರುವುದಿಲ್ಲ ಎಂದು ಯಾರಾದರೂ ಎದುರಿಗೆ ಕೂತುಬಿಟ್ಟರೆ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಕುರ್ಚಿ ಎಳೆದುಕೊಂಡು ಕೂತ.

‘ನಾನು ಹೇಳಿದ ಹಾಗೆ ಹೇಳಿ. ಐ ಆಮ್ ಡಿಸ್ಮಿಸಿಂಗ್ ಯು.’

ಮೇಡಂ, ‘ಐ ಮೈಟ್ ಬಿ ಡಿಸ್ಮಿಸಿಂಗ್ ಯು’ ಎಂದರು. ಮೈಟ್ ಬೇಡ ಎಂದ. ‘ಐ ಆಮ್ ಅಫ್ರೇಡ್ ಐ ಆಮ್’ ಎಂದು ಶುರುಮಾಡಿದರು. ಅಫ್ರೇಡ್ ಕೂಡ ಬೇಡ ಮೇಡಂ, ಅದು ನಿಮ್ಮ ವಿಷಯ, ವಾಕ್ಯದ ವಿಷಯ ಅಲ್ಲ ಎಂದ. ಈ ಸಲ ಪದಗಳೆಲ್ಲ ಸರಿಯಾಗಿದ್ದವು, ಆದರೆ ಕೊನೆಯಲ್ಲಿ ದನಿ ಮೇಲೆ ಹೋಗಿ ಅದು ಪ್ರಶ್ನೆಯಾಯಿತು. ಅವನಿಗೆ ಉತ್ಸಾಹ ಬಂದಿತ್ತು. ಎದ್ದು ನಿಂತು ಕೈಯನ್ನು ಮೇಲಿನಿಂದ ಕೆಳಗೆ ಇಳಿಸಿ ತೋರಿಸಿದ, ಹೊರೆ ನೆಲಕ್ಕಿಡುವ ಹಾಗೆ. ದನಿ ಹೀಗೆ ಇಳಿಯಬೇಕು, ಪೂರ್ಣವಿರಾಮ ಕಿವಿಗೆ ಬೀಳಬೇಕು, ನನ್ನ ಕಣ್ಣು ನೋಡಿಕೊಂಡು ಹೇಳಿ, ಕೀಲಿಗೊಂಚಲು ಬಿಡಿ. ಮೇಡಂ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟರು. ಉಸಿರು ತೆಗೆದುಕೊಂಡು, ಅವನ ಕಣ್ಣನ್ನೇ ನೋಡುತ್ತ, ಒಂದೊಂದು ಪದವನ್ನೂ ಸರಿಯಾದ ಜಾಗದಲ್ಲಿಟ್ಟು ಹೇಳಿದರು.

‘ಐ ಆಮ್ ಡಿಸ್ಮಿಸಿಂಗ್ ಯು.’

‘ವೆರಿ ಗುಡ್,’ ಎಂದ ಅವನು.

ಹಾಗೆಂದ ಮೇಲೆಯೇ ಅವನಿಗೆ ಕೆಲಸ ಹೋದದ್ದು ತಿಳಿದದ್ದು. ಮೇಡಂ ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಅದು ದುಃಖವಲ್ಲ. ಸೈಕಲ್ಲಿನ ಹಿಂದಿನಿಂದ ಯಾರೋ ಕೈ ಬಿಟ್ಟ ಮೇಲೂ ಬೀಳದೆ ಹೋದ ಮಗುವಿನ ಮುಖ. ನಾನೇ ಹೇಳಿದೆನಾ ಎಂದು ಅವನನ್ನೇ ಕೇಳಿದರು. ನೀವೇ ಹೇಳಿದಿರಿ ಮೇಡಂ, ಒಂದೂ ತಪ್ಪಿಲ್ಲ ಎಂದ. ಅವರು ಎದ್ದು ಅವನ ಕೈ ಕುಲುಕಿದರು. ಅವನು ಬೆಂಚಿನ ಬಳಿ ಹೋಗಿ ತನ್ನ ಬುತ್ತಿಯ ಡಬ್ಬಿ, ನಿಘಂಟು, ಕೊಡೆ ಎತ್ತಿಕೊಂಡು ಮೆಟ್ಟಿಲು ಇಳಿಯುತ್ತಿರುವಾಗ ಮೇಲಿನಿಂದ ಮೇಡಂ ದನಿ ಕಟ್ಟಡವಿಡೀ ಕೇಳುವಂತೆ, ‘ಯು ಆರ್ ಅಪಾಯಿಂಟೆಡ್’ ಎಂದಿತು. ಕೊನೆಯಲ್ಲಿ ದನಿ ಸರಿಯಾಗಿ ಇಳಿದಿತ್ತು. ಆಮೇಲೆ ಹೊಸಬನ ಗಂಟಲಿಂದ ಅಳುವೋ ನಗುವೋ ತಿಳಿಯದ ಒಂದು ಸದ್ದು. ಕನ್ನಡಕದ ಅಂಗಡಿಯವನು ತಲೆ ಎತ್ತಿ ಮೇಲೆ ನೋಡಿದ.

ಹೆಂಡತಿಗೆ ಅಂದು ವಾರದ ರಜೆ. ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಕೊಡೆ, ನಿಘಂಟು ಹಿಡಿದು ಬಂದವನನ್ನು ಹಗ್ಗದ ಆಚೆಯಿಂದ ನೋಡಿದಳು. ಹಲ್ಲಿನಲ್ಲಿ ಬಟ್ಟೆಯ ಕ್ಲಿಪ್ಪು ಕಚ್ಚಿಕೊಂಡಿದ್ದರಿಂದ ಏನೂ ಕೇಳಲಿಲ್ಲ. ಬರುವ ದಾರಿಯುದ್ದಕ್ಕೂ ಅವನು, ಹೀಗೆ ಅನ್ನಿಸುತ್ತದೆ, ಹಾಗೆ ಆದರೂ ಆಗಿರಬಹುದು ಎಂದು ಎಷ್ಟೋ ಮೆತ್ತೆ ಹೊಲಿದಿದ್ದ. ಅವಳ ಮುಖ ಕಂಡದ್ದೇ ಒಂದೂ ಕೈಗೆ ಸಿಗಲಿಲ್ಲ. ‘ನನ್ನನ್ನ ಕೆಲಸದಿಂದ ತೆಗೆದುಹಾಕಿದ್ರು’ ಎಂದ. ಹೇಳಿದ್ದೇ ತಡ, ಒಡ್ಡು ಒಡೆದಂತಾಯಿತು. ವಿದ್ಯಾರ್ಥಿ ಗಿದ್ಯಾರ್ಥಿ ಯಾರೂ ಇಲ್ಲ, ಅದು ನಾನೇ ಎಂದ. ಒಬ್ಬ ಒಳ್ಳೆಯವನ ಕೆಲಸ ನನ್ನಿಂದ ತಪ್ಪಿತು ಎಂದ. ನಿಮ್ಮಣ್ಣನನ್ನು ಕಂಡರೆ ನನಗೆ ಆಗುವುದಿಲ್ಲ, ಮೊದಲಿನಿಂದಲೂ ಆಗುವುದಿಲ್ಲ ಎಂದ. ಅಪ್ಪ ಸಾಯುತ್ತಾನೆಂದು ನನಗೆ ಗೊತ್ತಿತ್ತು, ಅಮ್ಮನಿಗೆ ಹೇಳಲಿಲ್ಲ, ಗೊತ್ತಿತ್ತು ಎಂದ. ಇಷ್ಟು ವರ್ಷ ಬಗೆಹರಿಯದೆ ಉಳಿದದ್ದು ಬಾಯಿಂದ ಬಿದ್ದ ಮೇಲೆ ಬಗೆಹರಿದಿತ್ತು. ಮಾತು ಇನ್ನು ಮುಗಿಯಿತು ಎಂದುಕೊಳ್ಳುವಾಗ ಎಲ್ಲಿಂದಲೋ ಇನ್ನೊಂದು ಬಂತು. ‘ನನಗೆ ಭಯ ಆಗ್ತಿದೆ.’

ಅವಳು ಹಲ್ಲಿನಿಂದ ಕ್ಲಿಪ್ಪು ತೆಗೆದಳು. ‘ನನಗೂ’ ಎಂದಳು. ಬಕೆಟ್ಟಿನೊಳಗೆ ಹಿಂಡದೆ ಉಳಿದ ದೊಡ್ಡ ಹಾಸುಬಟ್ಟೆಯೊಂದಿತ್ತು. ಅದನ್ನೆತ್ತಿ ಒಂದು ತುದಿಯನ್ನು ಅವನ ಕಡೆ ಚಾಚಿ, ‘ಹಿಡ್ಕೊಳ್ಳಿ’ ಎಂದಳು. ಅವನು ಕೊಡೆ, ನಿಘಂಟು ನೆಲದ ಮೇಲಿಟ್ಟು ಹಿಡಿದುಕೊಂಡ. ಅವಳು ಬಲಕ್ಕೆ ತಿರುಚಿದಳು, ಅವನು ಎಡಕ್ಕೆ ತಿರುಚಿದ. ಬಟ್ಟೆ ನುಲಿದು ನುಲಿದು ಹಗ್ಗವಾಗಿ, ಇಬ್ಬರ ನಡುವೆ ಬಿಗಿಯಾಗಿ ನಿಂತಿತು. ನೀರು ಕಾಲಮೇಲೆಲ್ಲ ಸುರಿಯಿತು. ಇನ್ನೂ ಎಂದಳು ಅವಳು. ಅವನು ಇನ್ನೂ ತಿರುಚಿದ.